ಅಲ್ಲಿಂದ ಹೊರಡಿ ಅಂದರೆ ಅವರು ಬರುವುದು ನಮ್ಮೂರಿಗೇ

ಮಾನ್ಯ ಜಿಲ್ಲಾ ಉಸ್ತುವಾರಿ ಸಚಿವರಿಗೆ, ಜಿಲ್ಲಾಧಿಕಾರಿಗಳಿಗೆ, ರಾಜ್ಯದ ಅನಿವಾಸಿ ಭಾರತೀಯ ಸಮಿತಿಯವರಿಗೆ, ಹಾಗೇ ಕಾರವಾರದಿಂದ ಭಟ್ಕಳದವರೆಗಿನ ನನ್ನ ಜನರಿಗೆ,

ನಮಸ್ಕಾರ.

ಹೊನ್ನಾವರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಟಿಕೆಟ್ ಬುಕಿಂಗ್, ಪಾಸ್‌ಪೋರ್ಟ್ ಕೆಲಸ. ಗಲ್ಫ್‌ಗೆ ಹೊರಟವರ ಕಾಗದಪತ್ರ ನನ್ನ ಮೇಜಿನ ಮೇಲೆ ತಯಾರಾಗುತ್ತದೆ. ವಾಪಸ್ ಬಂದವರೂ ಅದೇ ಮೇಜಿನ ಮುಂದೆ ಬಂದು ಕೂರುತ್ತಾರೆ. ಅವರ ಪರವಾಗಿ ನಾಲ್ಕು ಮಾತು ಬರೆಯೋಣ ಅನಿಸಿತು.

ವಿಷಯ ಇಷ್ಟೇ. ನಮ್ಮ ಉತ್ತರ ಕನ್ನಡ ಜಿಲ್ಲೆಯಿಂದ ಹೊರದೇಶಕ್ಕೆ ಹೋಗಿ ಬದುಕು ಕಟ್ಟಿಕೊಂಡವರಿಗೆ ಆ ದೇಶ ಇದ್ದಕ್ಕಿದ್ದಂತೆ ಹೊರಡಿ ಅಂದರೆ ಅವರು ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ನಿಮ್ಮ ಬಳಿ ಒಂದು ಉತ್ತರ ತಯಾರಿರಬೇಕು. ಈಗ ಇದ್ದಂತೆ ಕಾಣುವುದಿಲ್ಲ.

2025ರ ಜೂನ್ 23ರ ರಾತ್ರಿ ನೆನಪಿದೆಯಲ್ಲ? ಕತಾರ್‌ನ ಅಲ್ ಉದೈದ್ ಸೇನಾ ನೆಲೆಯ ಮೇಲೆ ಇರಾನ್ ಕ್ಷಿಪಣಿ ಹಾರಿಸಿತು. ಕತಾರ್ ತನ್ನ ವಾಯುಮಾರ್ಗ ಮುಚ್ಚಿತು. ಅಕ್ಕಪಕ್ಕದ ದೇಶಗಳಲ್ಲೂ ವಿಮಾನಗಳು ಕೆಲ ಗಂಟೆ ನಿಂತವು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಆ ರಾತ್ರಿ ಯಾರೂ ಮಲಗಲಿಲ್ಲ. ಮರುದಿನ ಎಲ್ಲ ತಣ್ಣಗಾಯಿತು ಅಂತ ಟಿವಿಯಲ್ಲಿ ಬಂತು. ಆದರೆ ಅಂಗಡಿ ಬಾಗಿಲು ತೆಗೆದಾಗ ಬಂದವರು ಟಿಕೆಟ್ ದರ ಕೇಳಲಿಲ್ಲ. "ಅಲ್ಲಿ ಇರ್ಲಿಕ್ಕೆ ಆಗದಿದ್ರೆ ಬೇರೆ ಯಾವ ದೇಶಕ್ಕೆ ಹೋಗ್ಬಹುದು?" ಅಂತ ಕೇಳಿದರು. ಮಗ ದೋಹಾದಲ್ಲಿರುವ ಭಟ್ಕಳದ ತಾಯಿ ಕೇಳಿದರು. ಗಂಡ ಬಹ್ರೇನ್‌ನಲ್ಲಿರುವ ಹೆಂಗಸು ಕೇಳಿದರು.

ಇದು ಯುದ್ಧ ಬಂದಾಗ ಮಾತ್ರ ಏಳುವ ಪ್ರಶ್ನೆ ಅಂದುಕೊಳ್ಳಬೇಡಿ. ಬಾಂಬು ಬೀಳದೆಯೂ ಜನ ಗಂಟುಮೂಟೆ ಕಟ್ಟಿದ್ದಾರೆ. 2017ರ ಜುಲೈನಲ್ಲಿ ಸೌದಿ ಅರೇಬಿಯಾ ಕುಟುಂಬದ ಪ್ರತಿಯೊಬ್ಬ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿತು. ವರ್ಷ ವರ್ಷ ಏರಿಸಿ 2020ಕ್ಕೆ ಅದನ್ನು 400 ರಿಯಾಲ್‌ಗೆ ತಂದಿತು. ಹೆಂಡತಿ, ಮೂರು ಮಕ್ಕಳು ಇದ್ದವನಿಗೆ ಅದು ತಿಂಗಳಿಗೆ 1,600 ರಿಯಾಲ್. ಎರಡೋ ಮೂರೋ ಸಾವಿರ ರಿಯಾಲ್ ಸಂಬಳದವ ಎಲ್ಲಿಂದ ತಂದಾನು? ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ತಾನು ಬ್ಯಾಚುಲರ್ ರೂಮು ಹಿಡಿದ. ಕುವೈತ್ 2021ರಲ್ಲಿ 60 ದಾಟಿದ, ಪದವಿ ಇಲ್ಲದ ವಿದೇಶಿಯರ ಕೆಲಸದ ಪರವಾನಗಿ ನವೀಕರಣಕ್ಕೆ ತಡೆ ಹಾಕಿತು. ಆಮೇಲೆ ದೊಡ್ಡ ಶುಲ್ಕ, ವಿಮೆ ಅಂತ ಷರತ್ತು ಹಾಕಿ ಸಡಿಲಿಸಿತು. ಅದಕ್ಕೂ ಮೊದಲು, 2020ರಲ್ಲಿ, ಭಾರತೀಯರ ಸಂಖ್ಯೆ ಜನಸಂಖ್ಯೆಯ ಶೇ. 15 ದಾಟಬಾರದು ಎಂಬ ಮಸೂದೆಯ ಚರ್ಚೆ ಅಲ್ಲಿ ನಡೆದಿತ್ತು. ಮೂವತ್ತು ವರ್ಷ ಒಂದೇ ಊರಿನಲ್ಲಿ ದುಡಿದರೂ ಇಕಾಮಾ, ಅಂದರೆ ಅಲ್ಲಿರಲು ಕೊಡುವ ಪರವಾನಗಿ, ಮುಗಿದ ದಿನ ನೀನು ಹೊರಗಿನವನೇ. ಅಲ್ಲಿನ ಪೌರತ್ವ ನಮ್ಮವರ ಕೈಗೆಟುಕುವುದಿಲ್ಲ. ಎಮಿರೇಟ್ಸ್ 2021ರಲ್ಲಿ ಕಾನೂನು ತಿದ್ದಿದ್ದು ನಿಜ. ಆದರೆ ಅದು ಹೂಡಿಕೆದಾರರಿಗೆ, ವೈದ್ಯರಿಗೆ, ವಿಜ್ಞಾನಿಗಳಿಗೆ. ಅದೂ ಅಲ್ಲಿನವರೇ ಹೆಸರು ಸೂಚಿಸಿದರೆ ಮಾತ್ರ.

ಘಟ್ಟದ ಮೇಲೂ ಇದೇ ಕತೆ, ಬೇರೆ ಬಟ್ಟೆ ಹಾಕಿಕೊಂಡು ನಿಂತಿದೆ. ಶಿರಸಿ, ಸಿದ್ದಾಪುರದ ತೋಟದ ಮನೆಗಳ ಹುಡುಗರು ಅಮೆರಿಕದಲ್ಲಿದ್ದಾರೆ. ಶಿರಸಿ ಸೀಮೆಯ ಪರಿಚಿತರ ಮನೆಯೊಂದಕ್ಕೆ ಹೋಗಿದ್ದೆ. ಜಗುಲಿಯಲ್ಲಿ ಅಪ್ಪ, ಆಯಿ ಇಬ್ಬರೇ. ಮಗನಿಗೆ ಅಲ್ಲಿ ಮನೆ, ಸಾಲ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. "ಕೆಲಸ ಹೋದ್ರೆ 60 ದಿನ ಅಷ್ಟೇ ಅಂತೆ" ಅಂದರು ಆಯಿ. ಅವರು ಹೇಳಿದ್ದು ಸರಿ. ಎಚ್-1ಬಿ ಎಂಬ ಕೆಲಸದ ವೀಸಾದವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಂದು ಕಂಪನಿ ಹಿಡಿಯಬೇಕು, ಅಥವಾ ಬೇರೆ ವೀಸಾ ನೋಡಿಕೊಳ್ಳಬೇಕು, ಇಲ್ಲ ಹೊರಡಬೇಕು. ಒಂದೊಂದು ದೇಶದಲ್ಲಿ ಹುಟ್ಟಿದವರಿಗೆ ಇಂತಿಷ್ಟೇ ಅಂತ ಮಿತಿ ಇರುವುದರಿಂದ ಗ್ರೀನ್ ಕಾರ್ಡ್, ಅಂದರೆ ಅಲ್ಲಿ ಕಾಯಂ ಇರುವ ಪರವಾನಗಿಯ ಸಾಲಿನಲ್ಲಿ ಭಾರತೀಯರು ದಶಕಗಟ್ಟಲೆ ನಿಂತಿದ್ದಾರೆ. ಅಪ್ಪನ ಸರದಿ ಬರುವ ಮೊದಲೇ ಮಗುವಿಗೆ 21 ತುಂಬಿದರೆ ಆ ಮಗು ಸಾಲಿನಿಂದ ಹೊರಬೀಳುತ್ತದೆ. ಕೈತುಂಬ ಸಂಬಳ ಇರಬಹುದು, ಆದರೆ ಆ ಆಯಿಯ ಚಿಂತೆಗೂ ಭಟ್ಕಳದ ತಾಯಿಯ ಚಿಂತೆಗೂ ನನಗೇನೂ ವ್ಯತ್ಯಾಸ ಕಾಣಲಿಲ್ಲ.

ಈಗ ಮೂರನೇ ದೇಶದ ಮಾತಿಗೆ ಬರುತ್ತೇನೆ. ಜನ ನನ್ನನ್ನು ಜಾಸ್ತಿ ಕೇಳುವುದು ಇದನ್ನೇ. ದುಡ್ಡಿದ್ದವರಿಗೆ ದಾರಿ ಇದೆ. ದುಬೈನಲ್ಲಿ 20 ಲಕ್ಷ ದಿರ್ಹಮ್ ಆಸ್ತಿ ಇದ್ದರೆ ಗೋಲ್ಡನ್ ವೀಸಾ ಕೇಳಬಹುದು. 55 ದಾಟಿದವರಿಗೆ ನಿವೃತ್ತಿ ವೀಸಾ ಇದೆ, ಅದಕ್ಕೆ 10 ಲಕ್ಷ ದಿರ್ಹಮ್ ಉಳಿತಾಯವೋ ಆಸ್ತಿಯೋ ಅಥವಾ ತಿಂಗಳು ತಿಂಗಳು ದೊಡ್ಡ ಆದಾಯವೋ ತೋರಿಸಬೇಕು. ಟರ್ಕಿಯಲ್ಲಿ 4 ಲಕ್ಷ ಡಾಲರ್ ಬೆಲೆಯ ಆಸ್ತಿ ಕೊಂಡರೆ ಪೌರತ್ವಕ್ಕೇ ಅರ್ಜಿ ಹಾಕಬಹುದು. ಅಂಥವರು ನನ್ನ ಅಂಗಡಿಗೆ ಬರುವುದಿಲ್ಲ. ಅವರಿಗೆ ವಕೀಲರಿದ್ದಾರೆ.

ಓದಿದವರಿಗೆ ಕೆನಡಾ ಇದೆ. 2023ರ ಜುಲೈನಲ್ಲಿ ಕೆನಡಾ ಅಮೆರಿಕದ ಎಚ್-1ಬಿ ವೀಸಾದವರಿಗಾಗಿಯೇ 10,000 ಅರ್ಜಿ ತೆಗೆದುಕೊಳ್ಳುತ್ತೇವೆ ಅಂದಾಗ ಎರಡು ದಿನ ಕಳೆಯುವುದರೊಳಗೆ ಅಷ್ಟೂ ತುಂಬಿಹೋಯಿತು. ಎಷ್ಟು ಜನ ಕಾಲು ಹೊರಗಿಟ್ಟು ಕೂತಿದ್ದರು ಎನ್ನುವುದು ಅದರಲ್ಲೇ ತಿಳಿಯುತ್ತದೆ. ಆದರೆ ಕೆನಡಾದ ಅಂಕಪಟ್ಟಿಯಲ್ಲಿ ವಯಸ್ಸು 45 ಆಯಿತೆಂದರೆ ವಯಸ್ಸಿನ ಅಂಕ ಸೊನ್ನೆ. ರಿಯಾದ್‌ನಲ್ಲಿ ಇಪ್ಪತ್ತು ವರ್ಷ ಎಸಿ ಮೆಕ್ಯಾನಿಕ್ ಆಗಿದ್ದ, ಏಳನೇ ಕ್ಲಾಸು ಓದಿದ, 48ರ ಗಂಡಸಿಗೆ ನಾನು ಆ ಫಾರಂ ತುಂಬಿಕೊಡುವುದಾದರೂ ಹೇಗೆ? ತುಂಬುವ ಮೊದಲೇ ಉತ್ತರ ಗೊತ್ತು. ಶುಲ್ಕ ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಉಳಿದದ್ದು ಏಜೆಂಟರ ದೇಶಗಳು. ಪೋಲೆಂಡ್, ರೊಮೇನಿಯಾ, ಸರ್ಬಿಯಾ ಅಂತ ವಾಟ್ಸಾಪ್‌ನಲ್ಲಿ ಪೋಸ್ಟರ್ ಬರುತ್ತದೆ. ಎಲ್ಲವೂ ಸುಳ್ಳಲ್ಲ, ಹೋಗಿ ನೆಲೆನಿಂತವರೂ ಇದ್ದಾರೆ. ಆದರೆ ಕೈಯಲ್ಲಿ ಕೆಲಸ ಇಲ್ಲದವನಿಗೆ ಸುಳ್ಳು ಯಾವುದು, ನಿಜ ಯಾವುದು ನೋಡುವ ಪುರುಸೊತ್ತು ಇರುವುದಿಲ್ಲ. 2024ರಲ್ಲಿ ಕಲಬುರಗಿ ಕಡೆಯ ಹುಡುಗರು ಸೆಕ್ಯುರಿಟಿ ಕೆಲಸ ಅಂತ ನಂಬಿ ರಷ್ಯಾಕ್ಕೆ ಹೋಗಿ ಯುದ್ಧಭೂಮಿಗೆ ತಲುಪಿದ್ದು ಇದೇ ರಾಜ್ಯದ ಸುದ್ದಿ. ಡಾಟಾ ಎಂಟ್ರಿ ಅಂತ ಹೇಳಿ ಕಾಂಬೋಡಿಯಾ, ಮ್ಯಾನ್ಮಾರ್‌ನಲ್ಲಿ ಸೈಬರ್ ವಂಚನೆಯ ಕೋಣೆಗಳಲ್ಲಿ ಕೂರಿಸಿದ್ದ ಭಾರತೀಯರನ್ನು ಸರ್ಕಾರವೇ ಬಿಡಿಸಿ ತಂದಿದೆ. ಎಲ್ಲಿಗೆ ಹೋಗೋದು ಎಂಬ ಪ್ರಶ್ನೆಗೆ ನೀವು ಉತ್ತರ ಕೊಡದಿದ್ದರೆ ಇಂಥವರು ಕೊಡುತ್ತಾರೆ.

ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂದರೆ ಕೊನೆಗೆ ಉಳಿಯುವುದು ಒಂದೇ ಊರು. ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಇದ್ದವನು ತನ್ನದು ಅಂತ ಹಕ್ಕಿನಿಂದ ಬಂದು ನೆಲೆಸಬಹುದಾದ ದೇಶ ಇದೊಂದೇ. ಅವರು ಮರಳುವುದು ಹೊನ್ನಾವರಕ್ಕೆ, ಕುಮಟಾಕ್ಕೆ, ಭಟ್ಕಳಕ್ಕೆ, ಸದಾಶಿವಗಡಕ್ಕೆ. ಹಾಗಾಗಿ ಪತ್ರ ಅವರ ಹೆಸರಿಗಲ್ಲ, ನಿಮ್ಮ ಹೆಸರಿಗೆ.

ಬಂದವರಿಗೆ ಇಲ್ಲಿ ಏನಾಗುತ್ತದೆ ಎಂದು ಹೇಳುತ್ತೇನೆ, ಯಾಕೆಂದರೆ ಅದು ನನ್ನ ಮೇಜಿನ ಮೇಲೆಯೇ ಬಿಚ್ಚಿಕೊಳ್ಳುತ್ತದೆ.

ಹೋದ ವರ್ಷ ಸೌದಿಯಿಂದ ವಾಪಸಾದ ಒಬ್ಬರು ಮಗಳ ಜೊತೆ ಬಂದರು. ಪ್ಲಾಸ್ಟಿಕ್ ಫೈಲು, ಜಿಪ್ಪು ಕಿತ್ತುಹೋಗಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಒಳಗೆ ಆ ದೇಶ ಬಿಟ್ಟು ಹೊರಡುವ ಫೈನಲ್ ಎಕ್ಸಿಟ್ ಕಾಗದ, ಹಳೆಯ ಇಕಾಮಾದ ನಕಲು, ಕಂಪನಿ ಕೊಟ್ಟ ಹಿಸಾಬಿನ ಚೀಟಿ, ಎಲ್ಲ ಅರೇಬಿಕ್. ಅದರಲ್ಲಿ ತನಗೆ ಬರಬೇಕಾದ ಸರ್ವಿಸ್ ಹಣ ಪೂರ್ತಿ ಬರೆದಿದ್ದಾರಾ ಇಲ್ಲವಾ ಅವರಿಗೆ ಗೊತ್ತಿಲ್ಲ. "ಸೈನ್ ಮಾಡು ಅಂದ್ರು ಅಣ್ಣ, ಮಾಡ್ದೆ" ಅಂದರು. ಫೋನಿನಲ್ಲಿ ಅನುವಾದ ಮಾಡಿ ಓದಿದೆವು. ಎಲ್ಲ ಬಾಕಿ ಚುಕ್ತಾ ಆಗಿದೆ, ಇನ್ನು ಯಾವ ಹಕ್ಕೂ ಕೇಳುವುದಿಲ್ಲ ಎಂದು ಬರೆದಿತ್ತು.

ಮಗಳಿಗೆ ಹದಿಮೂರು. ಅಲ್ಲಿನ ಸಿಬಿಎಸ್‌ಇ ಶಾಲೆಯಲ್ಲಿ ಓದಿದವಳು. ಟಿಸಿಯ ಮೇಲೆ ಅಲ್ಲಿನ ಇಲಾಖೆಗಳ ಮೊಹರುಗಳು ಇರಬೇಕಿತ್ತು, ಒಂದು ಬಿಟ್ಟುಹೋಗಿತ್ತು. ಈಗ ಅದಕ್ಕಾಗಿ ಯಾರು ಸೌದಿಗೆ ವಾಪಸ್ ಹೋಗುತ್ತಾರೆ? ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಆದರೆ ಬರೆಯಲು ಬಾರದು. ಅಂಗಡಿಯ ಗೋಡೆ ಮೇಲಿನ ದರಪಟ್ಟಿಯನ್ನು ಅಕ್ಷರ ಅಕ್ಷರ ಕೂಡಿಸಿ ಓದಲು ನೋಡುತ್ತಿದ್ದಳು. ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಿದ್ದಳು. ಎಂಟನೇ ಕ್ಲಾಸಿನಲ್ಲಿ ಇವಳನ್ನು ಕೂರಿಸಿ ಕನ್ನಡ ಪರೀಕ್ಷೆ ಬರಿ ಅಂದರೆ ಹೇಗೆ ಬರೆದಾಳು? ಕನ್ನಡ ಬೇಡ ಅಂತ ನಾನು ಹೇಳುತ್ತಿಲ್ಲ. ಕಲಿಯಲೇಬೇಕು, ಅವಳಿಗೂ ಕಲಿಯುವ ಆಸೆ ಇದೆ. ಒಂದು ವರ್ಷದ ಸಮಯ, ಸಂಜೆ ಹೊತ್ತು ಹೇಳಿಕೊಡುವ ಒಬ್ಬ ಮಾಸ್ತರರು, ಇಷ್ಟು ಬೇಕು.

ಸ್ವಲ್ಪ ದೊಡ್ಡ ಮಕ್ಕಳದ್ದು ಇನ್ನೂ ಕಷ್ಟ. ಸಿಇಟಿ ಸೀಟಿಗೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಎಂಬುದು ಮುಖ್ಯ ನಿಯಮ. ಅಪ್ಪನೋ ಅಮ್ಮನೋ ಇಲ್ಲಿ 7 ವರ್ಷ ಓದಿದ್ದರೆ ಇನ್ನೊಂದು ದಾರಿ ಇದೆ, ಆದರೆ ಮಗು ಪಿಯುಸಿಯ ಎರಡೂ ವರ್ಷ ಇಲ್ಲೇ ಓದಿರಬೇಕು. ಹನ್ನೊಂದನೇ ಕ್ಲಾಸು ಜೆಡ್ಡಾದಲ್ಲಿ ಮುಗಿಸಿ ಅಪ್ಪನ ಕೆಲಸ ಹೋದ ಕಾರಣಕ್ಕೆ ಬಂದ ಹುಡುಗ ಎಲ್ಲಿಗೂ ಸಲ್ಲುವುದಿಲ್ಲ. ಅನಿವಾಸಿ ಕೋಟಾದ ಶುಲ್ಕ ಕಟ್ಟಲು ಅವನಪ್ಪ ಈಗ ಅನಿವಾಸಿಯೂ ಅಲ್ಲ, ಕೈಯಲ್ಲಿ ದುಡ್ಡೂ ಇಲ್ಲ.

ಹುಟ್ಟಿದ ಮಕ್ಕಳ ದಾಖಲೆಯದ್ದೂ ಒಂದು ತೊಡಕು. 2004ರ ಡಿಸೆಂಬರ್ ನಂತರ ಹೊರದೇಶದಲ್ಲಿ ಹುಟ್ಟಿದ ಮಗುವಿನ ಜನನವನ್ನು ವರ್ಷದೊಳಗೆ ಅಲ್ಲಿನ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಬ್ಯಾಂಕಿನಲ್ಲಿ ಎನ್‌ಆರ್‌ಇ, ಅಂದರೆ ಅನಿವಾಸಿಗಳ ಖಾತೆಯನ್ನು ಸಾಮಾನ್ಯ ಖಾತೆಗೆ ಬದಲಾಯಿಸಬೇಕು, ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ ಹೋಗುತ್ತದೆ. ಇದನ್ನೂ ಯಾರೂ ಹೇಳುವುದಿಲ್ಲ. ರೇಷನ್ ಕಾರ್ಡಿನಲ್ಲಿ ಹೆಸರು ತೆಗೆದುಹಾಕಿರುತ್ತಾರೆ.

ಕೆಲಸದ ಮಾತು. ಬಂದವರೆಲ್ಲ ಬರಿಗೈಯಲ್ಲಿ ಬರುವುದಿಲ್ಲ, ಕಸುಬು ಕಲಿತು ಬಂದಿರುತ್ತಾರೆ. ದೊಡ್ಡ ಕಟ್ಟಡಗಳಿಗೆ ಸ್ಕ್ಯಾಫೋಲ್ಡಿಂಗ್ ಕಟ್ಟಿದವರು, ಸಮುದ್ರನೀರು ಶುದ್ಧ ಮಾಡುವ ಘಟಕದಲ್ಲಿ ಪೈಪ್ ಜೋಡಿಸಿದವರು, ಟ್ರೈಲರ್ ಓಡಿಸಿದವರು, ನೂರಾರು ಜನರಿಗೆ ಅಡಿಗೆ ಮಾಡಿದವರು. ಆದರೆ ಕಾಗದ ಇಲ್ಲ. ಇಲ್ಲಿ ಗುತ್ತಿಗೆದಾರ ಕೇಳುವುದು ಸರ್ಟಿಫಿಕೇಟು. ಹಿಂದೆ ಕಲಿತದ್ದನ್ನು ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ಯೋಜನೆ ಕೇಂದ್ರದ ಕೌಶಲ ಇಲಾಖೆಯಲ್ಲಿ ಇದೆ. ಅದನ್ನು ನಮ್ಮ ಕರಾವಳಿಯ ತಾಲೂಕುಗಳ ಐಟಿಐಗಳಲ್ಲಿ ವರ್ಷಕ್ಕೆ ನಾಲ್ಕು ಸಲ ನಡೆಸಿದರೆ ಸಾಕು.

ಹೋಗುವಾಗ ಹತ್ತನೇ ಪಾಸಾಗದವರಿಗೆ ಸರ್ಕಾರ ವಿಮೆ ಕಡ್ಡಾಯ ಮಾಡಿದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆ, ಎರಡು ವರ್ಷಕ್ಕೆ 275 ರೂಪಾಯಿ, ಅಪಘಾತದಲ್ಲಿ ಸತ್ತರೆ 10 ಲಕ್ಷ. ಒಳ್ಳೆಯದೇ. ಆದರೆ ಬದುಕಿ ಬಂದವನಿಗೆ ಮುಂದೇನು?

ಕೇರಳ ಈ ಪ್ರಶ್ನೆ ಕೇಳಿಕೊಂಡು ಬಹಳ ಕಾಲವಾಯಿತು. 1996ರಲ್ಲೇ ಅಲ್ಲಿ ಅನಿವಾಸಿ ಕೇರಳೀಯರಿಗೆಂದು ಪ್ರತ್ಯೇಕ ಇಲಾಖೆ ಆಯಿತು. ನಾರ್ಕಾ ಅಂತ ಹೆಸರು. ವಾಪಸ್ ಬಂದವರು ಸ್ವಂತ ಉದ್ಯೋಗ ಶುರು ಮಾಡಿದರೆ 30 ಲಕ್ಷದವರೆಗಿನ ಯೋಜನೆಗೆ ಬ್ಯಾಂಕ್ ಸಾಲ, ಅದರಲ್ಲಿ ಶೇ. 15ರಷ್ಟು, ಹೆಚ್ಚೆಂದರೆ 3 ಲಕ್ಷ, ಸಬ್ಸಿಡಿ. ಪ್ರವಾಸಿಗಳ ಕ್ಷೇಮನಿಧಿ ಮಂಡಳಿಗೆ ತಿಂಗಳು ತಿಂಗಳು ವಂತಿಗೆ ಕಟ್ಟಿದವರಿಗೆ ಪಿಂಚಣಿ. ಕಾಸರಗೋಡಿನವನಿಗೆ ಇದು ಸಿಗುತ್ತದೆ. ಅವನ ಜೊತೆ ಒಂದೇ ರೂಮಿನಲ್ಲಿದ್ದು, ಒಂದೇ ಕಂಪನಿಯಲ್ಲಿ ದುಡಿದು, ಒಂದೇ ದಿನ ಕೆಲಸ ಕಳಕೊಂಡ ಭಟ್ಕಳದವನಿಗೆ ಸಿಗುವುದಿಲ್ಲ. ನಮ್ಮಲ್ಲೂ ಅನಿವಾಸಿ ಭಾರತೀಯ ಸಮಿತಿ ಇದೆ, ಬೆಂಗಳೂರಿನಲ್ಲಿ. ಆದರೆ ಹೂಡಿಕೆ ಮಾಡಿ ಅಂತ ಕರೆಯುವ ಸಮ್ಮೇಳನಗಳಲ್ಲಿ ಸೋಫಾದ ಮೇಲೆ ಕೂರುವ ಅನಿವಾಸಿಗಳೇ ಬೇರೆ, ನಾನು ಹೇಳುತ್ತಿರುವವರೇ ಬೇರೆ.

ನಮ್ಮ ಜಿಲ್ಲೆಗೆ ನೆಲೆ ತಪ್ಪಿದವರ ಕಷ್ಟ ಗೊತ್ತಿಲ್ಲ ಅಂತ ಯಾರೂ ಹೇಳುವಂತಿಲ್ಲ. ಟಿಬೆಟ್ ಬಿಟ್ಟು ಬಂದವರಿಗೆ 1966ರಲ್ಲಿ ಮುಂಡಗೋಡಿನಲ್ಲಿ ಜಾಗ ಸಿಕ್ಕಿತು. ಇವತ್ತು ಅಲ್ಲಿ ಡ್ರೆಪುಂಗ್, ಗಾಂಡೆನ್ ಮಠಗಳಿವೆ, ಜೋಳದ ಹೊಲಗಳಿವೆ, ಶಾಲೆ ಆಸ್ಪತ್ರೆಗಳಿವೆ. ಜಾಗ, ಶಾಲೆ, ಸಹಕಾರಿ ಸಂಘ ಎಲ್ಲ ಒಟ್ಟಿಗೆ ಯೋಚನೆ ಮಾಡಿದ್ದರಿಂದ ಆಯಿತು. ಅದೇ ಜಿಲ್ಲೆಯಲ್ಲಿ ಕಾರವಾರ, ಅಂಕೋಲಾದ ಕಡಲ ತಡಿಯ ಊರುಗಳವರು ಸೀಬರ್ಡ್ ನೌಕಾನೆಲೆಗೆ ಮನೆ ಮಠ ಬಿಟ್ಟುಕೊಟ್ಟರು. 1986ರಲ್ಲಿ ಅಡಿಗಲ್ಲು ಬಿತ್ತು, 2005ರಲ್ಲಿ ಆ ನೆಲೆ ಕದಂಬ ಎಂಬ ಹೆಸರಿನಲ್ಲಿ ಕೆಲಸ ಶುರು ಮಾಡಿತು. ಪರಿಹಾರಕ್ಕಾಗಿ ಎಷ್ಟೋ ಮನೆಯವರು ಅಲೆದು ಅಲೆದು ಮುದುಕರಾದರು. ಮೊದಲೇ ತಯಾರಿ ಮಾಡಿದರೆ ಏನಾಗುತ್ತದೆ, ಆಮೇಲೆ ನೋಡೋಣ ಅಂದರೆ ಏನಾಗುತ್ತದೆ, ಎರಡೂ ನಮ್ಮ ಕಣ್ಣೆದುರಿಗೇ ಇವೆ.

1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್ ಮೇಲೆ ಬಿದ್ದಾಗ ಭಾರತ ಸುಮಾರು 1 ಲಕ್ಷ 70 ಸಾವಿರ ಜನರನ್ನು ಕರೆತಂದಿತು. ಹೆಚ್ಚಿನವರು ಜೋರ್ಡಾನಿನ ಅಮ್ಮಾನ್‌ನಿಂದ ಏರ್ ಇಂಡಿಯಾ ವಿಮಾನ ಹತ್ತಿದರು. ದೇಶ ಅದನ್ನು ಹೆಮ್ಮೆಯಿಂದ ನೆನೆಯುತ್ತದೆ, ನೆನೆಯಲೇಬೇಕು. ಮುಂದೆ ವಿಶ್ವಸಂಸ್ಥೆಯ ಮೂಲಕ ಪರಿಹಾರವೂ ಬಂತು. ಅದಕ್ಕೆ ಕುವೈತ್ ಬಿಟ್ಟು ಬಂದ ದಾಖಲೆ ತೋರಿಸಬೇಕಿತ್ತು. ಆ ಕಾಲದವರು ಕೆಲವರು ಇಂದಿಗೂ ಆ ಹಳೇ ಪಾಸ್‌ಪೋರ್ಟನ್ನು ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಕೊರೊನಾ ಕಾಲದಲ್ಲಿ, 2020ರ ಮೇ ತಿಂಗಳಲ್ಲಿ, ಹೊರಗಿದ್ದವರನ್ನು ಕರೆತರುವ ವಂದೇ ಭಾರತ್ ವಿಮಾನಗಳು ಬಂದವು. ಎರಡೂ ಸಲ ವಿಮಾನ ನಿಲ್ದಾಣದವರೆಗಿನ ಕೆಲಸ ಚೆನ್ನಾಗಿಯೇ ಆಯಿತು. ಮಂಗಳೂರಿನಲ್ಲೋ ಗೋವಾದಲ್ಲೋ ಇಳಿದು ಮನೆಗೆ ಬಂದ ಮೇಲೆ ಯಾರೂ ಕೇಳಲಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಭಟ್ಕಳದಲ್ಲೋ ಕುಮಟಾದಲ್ಲೋ, ತಹಶೀಲ್ದಾರ್ ಕಚೇರಿಯ ಒಂದು ಕೋಣೆಯಲ್ಲಿ, ವಾಪಸ್ ಬಂದವರಿಗೆ ಒಂದು ಕೌಂಟರ್ ತೆರೆಯಿರಿ. ಕಾರವಾರದಲ್ಲೇ ಇಟ್ಟರೆ ಭಟ್ಕಳದವರು ಸುಮಾರು 125 ಕಿಲೋಮೀಟರ್ ಬರಬೇಕು, ದಿನದ ಕೂಲಿ ಹೋಗುತ್ತದೆ. ಅಲ್ಲಿ ಅರೇಬಿಕ್ ಓದಬಲ್ಲ ಒಬ್ಬರು ಇರಲಿ. ನಮ್ಮ ಕರಾವಳಿಯಲ್ಲಿ ಅಂಥವರಿಗೆ ಬರವಿಲ್ಲ. ಹಿಸಾಬಿನಲ್ಲಿ ಮೋಸ ಆಗಿದ್ದರೆ ಅಲ್ಲಿಂದಲೇ ರಾಯಭಾರ ಕಚೇರಿಗೆ ದೂರು ಹೋಗಲಿ. ಮೊಹರು ತಪ್ಪಿದ ಟಿಸಿ ಇದ್ದರೂ ಮಗುವನ್ನು ತಾತ್ಕಾಲಿಕವಾಗಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು (ಡಿಡಿಪಿಐ) ಒಂದು ಸುತ್ತೋಲೆ ಹೊರಡಿಸಲಿ. ಸಿಇಟಿ ನಿಯಮದಲ್ಲಿ ಕೆಲಸ ಕಳೆದುಕೊಂಡು ಮರಳಿದವರ ಮಕ್ಕಳಿಗೆ ಒಂದು ಸಾಲು ಸೇರಿಸಿ, ಅದು ರಾಜ್ಯದ ಕೈಯಲ್ಲೇ ಇದೆ. ಎಲ್ಲಕ್ಕಿಂತ ಮೊದಲು, ಯಾವ ಗ್ರಾಮ ಪಂಚಾಯ್ತಿಯಿಂದ ಎಷ್ಟು ಜನ ಎಲ್ಲಿದ್ದಾರೆ ಎಂಬ ಪಟ್ಟಿ ಮಾಡಿ. ಪಟ್ಟಿ ಯಾರನ್ನೂ ಹೆದರಿಸಲು ಆಗಬಾರದು, ಸ್ವಇಚ್ಛೆಯಿಂದ ಕೊಡುವವರದ್ದು ಮಾತ್ರ ಬರೆದುಕೊಳ್ಳಿ. ಹಾಗೆ ಮಾಡಿದರೆ ಜನ ತಾವಾಗಿಯೇ ಬಂದು ಬರೆಸುತ್ತಾರೆ.

ಆಸ್ಪತ್ರೆಯ ಮಾತು ಬೇರೆ ಹೇಳಬೇಕೇ? 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಆಗ ಇಡೀ ಜಿಲ್ಲೆ ಒಂದೇ ದನಿಯಲ್ಲಿ ಆಸ್ಪತ್ರೆ ಕೇಳಿತು. ಮರಳಿ ಬರುವವರಲ್ಲಿ ಅರವತ್ತು ದಾಟಿದವರು, ಸಕ್ಕರೆ ಕಾಯಿಲೆಯವರು, ಬಿಸಿಲಲ್ಲಿ ದುಡಿದು ಕಿಡ್ನಿ ಕೆಟ್ಟವರು ಇದ್ದಾರೆ. ಅವರನ್ನೂ ನಾವು ಮಣಿಪಾಲದ ದಾರಿಯ ಮೇಲೇ ಬಿಟ್ಟಿದ್ದೇವೆ. ಶಿರಸಿಯ ಆ ಮನೆಯ ಮಗ ನನ್ನ ಜೊತೆ ಫೋನಿನಲ್ಲಿ ಮಾತಾಡುವಾಗ ಇದನ್ನೇ ಹೇಳಿದ. ಬೆಂಗಳೂರಿನಲ್ಲಿ ಕೆಲಸ ಸಿಕ್ಕರೂ ಸಿಗಬಹುದು, ಊರಿಂದಲೇ ಕೆಲಸ ಮಾಡಲೂಬಹುದು, ಆದರೆ ರಾತ್ರಿ ಅಪ್ಪನಿಗೆ ಎದೆನೋವು ಬಂದರೆ ಎಷ್ಟು ದೂರ ಓಡಬೇಕು ಅಂತ ಲೆಕ್ಕ ಹಾಕಿದಾಗ ಧೈರ್ಯ ಸಾಲುವುದಿಲ್ಲ ಅಂದ.

ಊರಿನವರಿಗೂ ಒಂದು ಮಾತು. ಯಾರಾದರೂ ಗಲ್ಫ್‌ನಿಂದ ಬಂದರೆ ನಾವು ಕೇಳುವ ಮೊದಲ ಪ್ರಶ್ನೆ "ಯಾವಾಗ ವಾಪಸ್?" ಪ್ರೀತಿಯಿಂದಲೇ ಕೇಳುತ್ತೇವೆ. ಆದರೆ ವಾಪಸ್ ಹೋಗಲು ದಾರಿಯೇ ಇಲ್ಲದವನಿಗೆ ಅದು ಚುಚ್ಚುತ್ತದೆ. ಮೀನು ಪೇಟೆಯಲ್ಲಿ ಇಬ್ಬರು ಹಾಗೆ ಕೇಳಿದ್ದಕ್ಕೆ ಒಬ್ಬರು ಒಂದು ತಿಂಗಳು ಪೇಟೆಗೇ ಬರಲಿಲ್ಲ. ಅವರು ಕಳಿಸಿದ ಹಣದಲ್ಲಿ ನಮ್ಮೂರಿನ ಮನೆಗಳು ಎದ್ದಿವೆ, ತಂಗಿಯರ ಮದುವೆ ಆಗಿದೆ, ಮಸೀದಿಗೆ, ದೇವಸ್ಥಾನಕ್ಕೆ, ಇಗರ್ಜಿಗೆ ಬಣ್ಣ ಬಂದಿದೆ. ಈಗ ಅವರು ಬಂದು ಕೂತಿದ್ದಾರೆ. "ಬಂದಿದ್ದು ಒಳ್ಳೇದಾಯ್ತು, ಏನಾದ್ರೂ ಒಟ್ಟಿಗೆ ಮಾಡುವ" ಅನ್ನಿ.

ಜಿಲ್ಲೆಯ ಕೆಲಸಗಳ ಪ್ರಗತಿ ನೋಡುವ ಮುಂದಿನ ತ್ರೈಮಾಸಿಕ ಕೆಡಿಪಿ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಇಡಬೇಕೆಂದು ಉಸ್ತುವಾರಿ ಸಚಿವರಲ್ಲಿ ಕೇಳಿಕೊಳ್ಳುತ್ತೇನೆ. ಮೇಲೆ ಹೇಳಿದ ಕಾಗದಗಳ ಮಾದರಿ, ಹೆಸರು ಅಳಿಸಿದ ಪ್ರತಿಗಳು, ನನ್ನ ಬಳಿ ಇವೆ. ಯಾವ ಅಧಿಕಾರಿ ಕೇಳಿದರೂ ನಾನೇ ಕಾರವಾರಕ್ಕೆ ತಂದು ಒಪ್ಪಿಸುತ್ತೇನೆ. ಕೌಂಟರ್ ತೆರೆದರೆ ಮೊದಲ ಕೆಲವು ತಿಂಗಳು ಅರ್ಜಿ ತುಂಬಲು ಬಂದು ಕೂರಲೂ ತಯಾರಿದ್ದೇನೆ, ಸಂಬಳ ಬೇಡ.

ಇಂತಿ ನಿಮ್ಮ,
ಹೊನ್ನಾವರದ ಒಬ್ಬ ಅಂಗಡಿಯವ